ದೇವರ ದಯೆ ತೊಂದರೆಯ ಪಟ್ಟಿ ಸೇರಿದ ದಿನ

ಫೋನು ಬಂದಾಗ ನಾನು ಅಡಿಗೆಮನೆಯ ಹಿಂದೆ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಮಣೆ ಹಾಕಿ ಕೂತು ಬೂತಾಯಿ ಮೀನು ಶುಚಿ ಮಾಡುತ್ತಿದ್ದೆ. ನಿಂತು ಮಾಡುವ ಕೆಲಸಗಳನ್ನೆಲ್ಲ ಮನೆಯವರು ನನ್ನಿಂದ ಕಿತ್ತುಕೊಂಡಾಗಿತ್ತು. ಏಪ್ರಿಲ್ ತಿಂಗಳ ಸೆಕೆಗೆ ಬೆಕ್ಕು ಕೂಡ ತೆಂಗಿನ ಬುಡದ ತಂಪು ಹುಡುಕಿಕೊಂಡು ಮಲಗಿತ್ತು. ನಾನು ಮಾತ್ರ ನೈಟಿಯ ಮೇಲೆ ಸ್ವೆಟರ್ ಹಾಕಿಕೊಂಡಿದ್ದೆ.

ಅತ್ತೆ ಫೋನನ್ನು ಬಿಸಿ ಪಾತ್ರೆ ಹಿಡಿದ ಹಾಗೆ ದೂರ ಹಿಡಿದುಕೊಂಡು ಬಂದರು. “ಸುಮತೀ, ಆ ಮಲಯಾಳಿ ಡಾಕ್ಟ್ರಮ್ಮ. ನಿನ್ನ ಹತ್ರವೇ ಹೇಳಬೇಕಂತೆ.”

ನನ್ನ ಕೈಯೆಲ್ಲ ಮೀನು. ಅತ್ತೆಯೇ ಫೋನನ್ನು ನನ್ನ ಕಿವಿಗೆ ಹಿಡಿದರು. ಡಾಕ್ಟ್ರಮ್ಮ ನನ್ನನ್ನು ಕರೆಯುವುದು ಚೇಚಿ ಎಂದು, ಅವರ ಭಾಷೆಯಲ್ಲಿ ಅಕ್ಕ.

“ಚೇಚಿ, ರಕ್ತದ ರಿಪೋರ್ಟ್ ಬಂತು. ಬೆಳಿಗ್ಗೆ ತೆಗೆದ ರಕ್ತದಲ್ಲಿ ಹಾರ್ಮೋನು ಬಹಳ ಕಡಿಮೆ ಉಂಟು. ಇಲ್ಲವೇ ಇಲ್ಲ ಹೇಳುವಷ್ಟು ಕಡಿಮೆ. ನಾಳೆಗೆ ಇಡಬೇಡಿ. ಈಗಲೇ ಹೊರಡಿ. ದೊಡ್ಡ ಆಸ್ಪತ್ರೆಗೆ ನಾನು ಹೇಳಿಟ್ಟಿದ್ದೇನೆ.”

“ಕಡಿಮೆ ಉಂಟಾ ಡಾಕ್ಟ್ರೇ? ಸರಿಯಾಗಿ ನೋಡಿದಿರಾ?”

“ಎರಡು ಸಲ ನೋಡಿದೆ ಚೇಚಿ.”

“ದೇವರು ದೊಡ್ಡವನು,” ಎಂದೆ.

ಅತ್ತೆ ನನ್ನ ಮುಖವನ್ನೇ ನೋಡಿದರು. “ಎಂತದಾ ಇದು! ಲಾಟರಿ ಬಂದವರ ಹಾಗೆ ಮಾತಾಡ್ತಿ. ಎಂತ ಹೇಳಿದ್ರು?”

ರಕ್ತದಲ್ಲಿ ಇರಬೇಕಾದದ್ದು ಇಲ್ಲ ಎಂದು ಕೇಳಿ ಒಬ್ಬ ಹೆಂಗಸಿಗೆ ಯಾಕೆ ಸಮಾಧಾನವಾಯಿತು ಎನ್ನುವುದನ್ನು ಹೇಳಬೇಕಾದರೆ ಹಿಂದಿನ ವರ್ಷಗಳಿಗೆ ಹೋಗಬೇಕು. ಭಜನಾ ಮಂದಿರದಲ್ಲಿ ಇಬ್ಬರು ಮೂವರು ಹೆಂಗಸರು, ನಿಮಗೆ ಗುಣವಾದದ್ದು ಹೇಗೆ, ನಮಗೂ ಹಾಗೆಯೇ ಸುಸ್ತು ಎಂದು ಕೇಳಿದ್ದಾರೆ. ಅವರ ಸುಸ್ತು ನನ್ನ ಸುಸ್ತೇ ಆಗಬೇಕೆಂದಿಲ್ಲ. ಆದರೂ ಹೇಳುತ್ತೇನೆ.

ಬೆಳಿಗ್ಗೆ ಏಳುವಾಗ ಯಾರೋ ನನ್ನನ್ನು ಒದ್ದೆ ಕಂಬಳಿಯಲ್ಲಿ ಸುತ್ತಿ ಹೊಲಿದು ಹಾಕಿದ ಹಾಗೆ ಇರುತ್ತಿತ್ತು. ಕಣ್ಣು ಬಿಟ್ಟರೆ ಮಾಡಿನ ಹೆಂಚು ಕಾಣುತ್ತದೆ, ಅಡಿಗೆಮನೆಯಲ್ಲಿ ಅತ್ತೆ ಪಾತ್ರೆ ಕುಟ್ಟುವುದು ಕೇಳುತ್ತದೆ, ಏಳಬೇಕೆಂದು ಮನಸ್ಸೂ ಇರುತ್ತದೆ. ಕಾಲು ಮಾತ್ರ ಕೇಳುವುದಿಲ್ಲ. ಎದ್ದರೆ ಕಣ್ಣು ಕತ್ತಲೆ. ಕೂದಲು ಉದುರಿತು, ಹುಬ್ಬು ಉದುರಿತು. ಗಂಟಲು ಒಡೆದು, ಭಜನೆಗೆ ಕೂತರೆ ಗಂಡಸರ ಸಾಲಿನಿಂದ ಬಂದ ಸ್ವರವೇ ಎಂದು ಎಲ್ಲರೂ ತಿರುಗುತ್ತಿದ್ದರು. ಇಷ್ಟೆಲ್ಲ ಒಂದೇ ಸಲ ಬಂದದ್ದಲ್ಲ. ಒಂದೊಂದೇ ಬಂದು, ಎದ್ದು ಹೋಗದ ನೆಂಟರ ಹಾಗೆ ಕೂತವು.

ವರ್ಷಕ್ಕೆ ಒಂದೆರಡು ಸಲ ವಾಂತಿ ಸುರುವಾಗಿ ಬಿದ್ದುಬಿಡುತ್ತಿದ್ದೆ. ಇವರು, ನನ್ನ ಗಂಡ, ಬದಿಯಡ್ಕದಲ್ಲಿ ಬಾಡಿಗೆ ಜೀಪು ಓಡಿಸುವವರು. ಜನರನ್ನು ಇಳಿಸಿ ಅದೇ ಜೀಪಿನಲ್ಲಿ ನನ್ನನ್ನು ಹಾಕಿಕೊಂಡು ಹೋಗುವುದು. ರಕ್ತದಲ್ಲಿ ಉಪ್ಪು ಇಳಿದಿದೆ ಎಂದು ಡ್ರಿಪ್ ಹಾಕುತ್ತಿದ್ದರು. ಮೂರು ದಿನಕ್ಕೆ ಕಣ್ಣು ತೆರೆಯುತ್ತಿತ್ತು, ಮನೆಗೆ ಕಳಿಸುತ್ತಿದ್ದರು. ಉಪ್ಪು ಯಾಕೆ ಇಳಿಯುತ್ತದೆ ಎಂದು ಕೇಳಿದರೆ, “ಸರಿ ಊಟ ಮಾಡಿ” ಎನ್ನುತ್ತಿದ್ದರು.

ಅತ್ತೆಗೆ ಅಷ್ಟೇ ಸಾಕು. “ಸಂಕಷ್ಟಿ ಉಪವಾಸ, ಏಕಾದಶಿ ಉಪವಾಸ, ಷಷ್ಠಿ ಉಪವಾಸ. ಮತ್ತೆ ಉಪ್ಪು ಎಲ್ಲಿಂದ ಬರ್ತದೆ? ಆಕಾಶದಿಂದಲಾ?”

ಒಮ್ಮೆ ಬಚ್ಚಲಲ್ಲಿ ಬಿದ್ದ ಮೇಲೆ ಬಚ್ಚಲ ಬಾಗಿಲಿನ ಚಿಲಕವನ್ನು ಇವರು ಕಳಚಿ ತೆಗೆದರು. ಬಾವಿಯ ಹತ್ತಿರ ಹೋಗಬಾರದು, ಒಲೆಯ ಹತ್ತಿರ ಒಬ್ಬಳೇ ನಿಲ್ಲಬಾರದು, ಮಂದಿರಕ್ಕೆ ಒಬ್ಬಳೇ ಹೋಗಬಾರದು. ಸ್ನಾನಕ್ಕೆ ಹೋದರೆ ಅತ್ತೆ ಹೊರಗೆ ಮಣೆ ಹಾಕಿ ಕೂತು, ಎರಡು ಚೆಂಬು ನೀರು ಬೀಳುವುದರೊಳಗೆ ಕೂಗುತ್ತಿದ್ದರು.

“ಸುಮತೀ, ಇದ್ದೀಯಾ?”

“ಇದ್ದೇನೆ ಅತ್ತೆ.”

ಎಲ್ಲವೂ ಪ್ರೀತಿಯಿಂದಲೇ. ಪ್ರೀತಿ ಎಂದು ಗೊತ್ತಿದ್ದ ಕಾರಣ ಸಿಟ್ಟು ಮಾಡಲಿಕ್ಕೂ ಆಗುತ್ತಿರಲಿಲ್ಲ. ಮೈಯೊಳಗೆ ಒಂದು ಗೂಡು, ಮನೆಯೊಳಗೆ ಇನ್ನೊಂದು ಗೂಡು.

ಮೂರನೆಯ ಗೂಡು ಚೀಲಗಳದ್ದು. ಕಾಸರಗೋಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಮಗೆ ಒಂದು ಆಸ್ಪತ್ರೆ ಊರಲ್ಲಿ, ಒಂದು ಕಾಸರಗೋಡಿನಲ್ಲಿ, ದೊಡ್ಡದೇನಾದರೂ ಬಂದರೆ ಗಡಿ ದಾಟಿ ಮಂಗಳೂರಿನಲ್ಲಿ. ನಮ್ಮ ಮನೆಯಲ್ಲಿ ಒಂದೊಂದು ಆಸ್ಪತ್ರೆಗೆ ಒಂದೊಂದು ಚೀಲ. ಬಟ್ಟೆ ಅಂಗಡಿಯ ಹಸಿರು ಚೀಲದಲ್ಲಿ ಮಂಗಳೂರಿನ ಕಾಗದ. ಚಿನ್ನದಂಗಡಿಯ ಕೆಂಪು ಚೀಲದಲ್ಲಿ ಕಾಸರಗೋಡಿನದ್ದು. ಊರಿನ ಹೋಮಿಯೋಪತಿಯದ್ದಕ್ಕೆ ಒಂದು ಹಳದಿ ಚೀಲ. ಗೋಡೆಯ ಮೊಳೆಗೆ ಸಾಲಾಗಿ ನೇತಾಡುತ್ತಿದ್ದವು.

“ಇವತ್ತು ಯಾವ ಬಣ್ಣಕ್ಕೆ ಹೋಗುವುದು?” ಎಂದು ಇವರು ಜೀಪಿನಿಂದಲೇ ಕೇಳುತ್ತಿದ್ದರು.

ಒಂದು ಚೀಲವನ್ನು ಇನ್ನೊಂದು ಆಸ್ಪತ್ರೆಗೆ ಕೊಂಡುಹೋಗುವ ಕ್ರಮ ಇರಲಿಲ್ಲ. ಒಮ್ಮೆ ಹಾಗೆ ಮಾಡಿ ಬೈಗಳು ತಿಂದಿದ್ದೆವು. ಬೇರೆ ಡಾಕ್ಟರ ಚೀಟಿ ಕಂಡ ಕೂಡಲೇ ಒಬ್ಬರು, “ಅವರನ್ನೇ ನಂಬುವುದಾದರೆ ಅಲ್ಲಿಗೇ ಹೋಗಿ” ಎಂದು ಕಾಗದಗಳನ್ನು ಮೇಜಿನ ಮೇಲೆ ನೂಕಿದ್ದರು. ಆಮೇಲೆ ನಾವು ಹುಷಾರಾದೆವು. ಒಬ್ಬ ಡಾಕ್ಟರ ಮುಂದೆ ಇನ್ನೊಬ್ಬರ ಹೆಸರೆತ್ತುವುದು ಅವರಿಗೆ ಅವಮಾನ ಮಾಡಿದ ಹಾಗೆ ಎಂದು ನಂಬಿ, ಪ್ರತಿಯೊಬ್ಬರ ಮುಂದೆಯೂ ಅವರೇ ಮೊದಲನೆಯವರು ಎಂಬಂತೆ ಕೂತೆವು. ಹೀಗಾಗಿ ಕೆಂಪು ಚೀಲದವರಿಗೆ ಉಪ್ಪು ಗೊತ್ತು, ತಲೆತಿರುಗು ಗೊತ್ತಿಲ್ಲ. ಹಸಿರು ಚೀಲದವರಿಗೆ ಥೈರಾಯ್ಡ್ ಗೊತ್ತು, ಉಪ್ಪು ಗೊತ್ತಿಲ್ಲ. ಅವರು ಕೊಟ್ಟ ಥೈರಾಯ್ಡ್ ಗುಳಿಗೆ ತಿಂದ ಮೇಲೆ ನಾನು ಇನ್ನಷ್ಟು ಜೋರಾಗಿ ಬಿದ್ದೆ. ಹೆದರಿ ಬಿಟ್ಟೆ. ಹೇಳಿದ ಔಷಧಿ ತೆಗೆದುಕೊಳ್ಳದವಳು ಎಂದು ಅವರು ಬರೆದರು.

ಅದರ ಕೆಳಗೆ ಮಾನಸಿಕ ಆತಂಕ ಎಂದೂ ಬರೆದರು. ಆ ಮಾತು ಒಮ್ಮೆ ಹಾಳೆಯ ತಲೆಯ ಮೇಲೆ ಕೂತ ಮೇಲೆ ಇಳಿಯಲಿಲ್ಲ. ಹೊಸ ಡಾಕ್ಟರು ಬಂದರೂ ಮೊದಲು ಅದನ್ನೇ ಓದುತ್ತಿದ್ದರು. ಓದಿದ ಮೇಲೆ ಅವರ ಸ್ವರ ಮೆತ್ತಗಾಗುತ್ತಿತ್ತು, ಮಕ್ಕಳ ಹತ್ತಿರ ಮಾತಾಡುವ ಹಾಗೆ. “ಮನೆಯಲ್ಲಿ ಎಂತಾದ್ರೂ ಟೆನ್ಶನ್ ಉಂಟಾ ಅಮ್ಮ?” ಇಲ್ಲ ಎಂದರೆ, ಮುಚ್ಚಿಡುತ್ತಾಳೆ ಎಂಬ ನೋಟ. ಅತ್ತರೆ, ನೋಡಿ ಅದೇ ಎಂಬ ನೋಟ. ಯಾವ ಉತ್ತರ ಕೊಟ್ಟರೂ ಬಾಗಿಲು ಅದೇ ಕೋಣೆಗೆ ತೆರೆಯುತ್ತಿತ್ತು.

ಮಂಗಳೂರಿನ ಕಾಯುವ ಕೋಣೆಯಲ್ಲಿ ಒಂದು ದಿನ ಟೋಕನ್ ನಂಬ್ರ ನೋಡುತ್ತಾ ನೋಡುತ್ತಾ ನಾನು ಪಕ್ಕಕ್ಕೆ ವಾಲಿದೆ. ಪಕ್ಕದಲ್ಲಿದ್ದ ಬ್ಯಾರಿ ಹೆಂಗಸು ತೊಡೆಯ ಮೇಲೆ ಮಲಗಿದ್ದ ಮಗುವನ್ನು ಹೆಗಲಿಗೆ ಹಾಕಿಕೊಂಡು, “ಮಲಗಿ ಅಕ್ಕ, ನಿಮ್ಮ ನಂಬ್ರ ನಾನು ನೋಡ್ತೇನೆ” ಎಂದು ಜಾಗ ಬಿಟ್ಟು ನಿಂತಳು. ಅವಳ ಹೆಸರು ಕೇಳಲಿಲ್ಲ. ಸಂಜೆ ದೀಪ ಹಚ್ಚುವಾಗ ಈಗಲೂ ಅವಳಿಗೂ ಸೇರಿಸಿ ಕೈ ಮುಗಿಯುತ್ತೇನೆ.

ಊರಿನ ಆರೋಗ್ಯ ಕೇಂದ್ರಕ್ಕೆ ಹೊಸ ಡಾಕ್ಟರು ಬಂದರು. ಕಣ್ಣೂರು ಕಡೆಯ ಹುಡುಗಿ. ಕನ್ನಡ ಕಲಿಯುತ್ತಿದ್ದವಳು. ನಾನು ಕೆಮ್ಮಿಗೆ ಔಷಧಿ ತರಲು ಹೋದದ್ದು. ಸ್ವೆಟರ್ ನೋಡಿ, “ಚೇಚಿ, ಇದು ಎಂತಕ್ಕೆ?” ಎಂದಳು. ಚಳಿ ಎಂದೆ. ಅವಳು ಫ್ಯಾನ್ ನೋಡಿದಳು, ನನ್ನನ್ನು ನೋಡಿದಳು. ಹಳೆಯ ಕಾಗದ ಉಂಟಾ ಎಂದಳು.

“ಯಾವ ಚೀಲದ್ದು?” ಎಂದು ಇವರು ಕೇಳಿದರು.

ಚೀಲಗಳ ಕತೆ ಕೇಳಿ ಅವಳು ನಗಲಿಲ್ಲ. “ಎಲ್ಲ ತನ್ನಿ. ಓ.ಪಿ. ಮುಗಿದ ಮೇಲೆ ಬನ್ನಿ. ನಾನು ಬೈಯುವುದಿಲ್ಲ,” ಎಂದಳು.

ಮಕ್ಕಳಿಗೆ ಚುಚ್ಚುಮದ್ದು ಕೊಡುವ ಕೋಣೆಯ ಉದ್ದ ಬೆಂಚಿನ ಮೇಲೆ ಮೂರೂ ಚೀಲ ಸುರಿದಳು. ಬಣ್ಣ ಎಲ್ಲ ಬೆರೆತುಹೋಯಿತು. ನಾವು ಇಷ್ಟು ವರ್ಷ ಜೋಪಾನವಾಗಿ ಬೇರೆ ಬೇರೆ ಇಟ್ಟದ್ದನ್ನು ಹಾಗೆ ಕಲಸಿದಾಗ ಇವರಿಗೆ ಸಂಕಟವಾಯಿತೆಂದು ಕಾಣುತ್ತದೆ. “ಮತ್ತೆ ಬೇರೆ ಮಾಡ್ಲಿಕ್ಕೆ ಆಗ್ಲಿಕ್ಕಿಲ್ಲ ಡಾಕ್ಟ್ರೇ,” ಎಂದರು.

“ಬೇಡ. ಯಾವ ಆಸ್ಪತ್ರೆ ಎಂದು ನೋಡುವುದು ಬೇಡ. ಯಾವ ತೊಂದರೆ ಎಂದು ನೋಡುವ.”

ಒಂದು ಹಾಳೆಯಲ್ಲಿ ಸಂಖ್ಯೆ ಹಾಕಿ ಬರೆಯುತ್ತ ಹೋದಳು. ಉಪ್ಪು ಇಳಿಯುವುದು. ನಿಂತರೆ ತಲೆತಿರುಗುವುದು. ಚಳಿ. ಕೂದಲು. ಸ್ವರ. ಒಂದೊಂದು ತೊಂದರೆಯ ಕೆಳಗೆ ಅದಕ್ಕೆ ಸೇರಿದ ಕಾಗದಗಳನ್ನು, ಅವು ಯಾವ ಊರಿನದ್ದೇ ಆಗಲಿ, ಒಟ್ಟಿಗೆ ಇಟ್ಟು ಕ್ಲಿಪ್ ಹಾಕಿದಳು. ಮಾನಸಿಕ ಆತಂಕ ಎನ್ನುವುದನ್ನೂ ಬರೆದಳು. ನನ್ನ ಮುಖ ಸಣ್ಣದಾದದ್ದು ಅವಳಿಗೆ ಕಂಡಿತು.

“ಅದನ್ನು ಹೊಡೆದು ಹಾಕುವುದಿಲ್ಲ ಚೇಚಿ. ಇಷ್ಟೆಲ್ಲ ಇದ್ದರೆ ಯಾರಿಗಾದರೂ ಆತಂಕ ಆಗ್ತದೆ. ಆದರೆ ಅದು ತಲೆಯಲ್ಲಿ ಬೇಡ. ಬಾಲದಲ್ಲಿ ಇರಲಿ.”

ಆ ಮಾತಿಗೆ ನನಗೆ ನಗು ಬಂತು. ಆಸ್ಪತ್ರೆಯೊಳಗೆ ನಕ್ಕದ್ದು ಅದೇ ಮೊದಲು ಇರಬೇಕು.

ಆಮೇಲೆ ಕೇಳಿದಳು, “ಮುಟ್ಟು ಯಾವಾಗ ನಿಂತದ್ದು?”

“ನಿಂತದ್ದಲ್ಲ. ಮಗಳು ಹುಟ್ಟಿದ ಮೇಲೆ ಬರಲೇ ಇಲ್ಲ.”

ಪೆನ್ನು ನಿಂತಿತು. “ಅದು ತೊಂದರೆ ಅಂತ ಯಾರ ಹತ್ರವೂ ಹೇಳಲಿಲ್ಲವಾ?”

“ಅದು ತೊಂದರೆ ಅಲ್ಲ ಡಾಕ್ಟ್ರೇ. ಅದು ದೇವರ ದಯೆ.”

ನಾನು ಹಾಗೆಯೇ ನಂಬಿದ್ದೆ. ನಮ್ಮಲ್ಲಿ ಮುಟ್ಟಾದರೆ ದೀಪ ಮುಟ್ಟುವ ಹಾಗಿಲ್ಲ, ಮಂದಿರ ಹತ್ತುವ ಹಾಗಿಲ್ಲ. ನನಗೆ ಇಪ್ಪತ್ತಾರರ ಪ್ರಾಯದಿಂದ ಒಂದು ದಿನವೂ ದೀಪ ತಪ್ಪಲಿಲ್ಲ. ಒಂದು ಸಂಕಷ್ಟಿಯೂ ತಪ್ಪಲಿಲ್ಲ. ಮಧೂರು ಗಣಪತಿಯ ದೇವಸ್ಥಾನಕ್ಕೆ ಹೊರಟ ದಿನ ಬೇರೆ ಹೆಂಗಸರು ಕೊನೆಯ ಗಳಿಗೆಗೆ ಹಿಂದೆ ನಿಂತರೆ ನಾನು ನಿಲ್ಲಲಿಲ್ಲ. ಎರಡನೆಯ ಮಗು ಆಗಲಿಲ್ಲವೆಂದು ಅತ್ತೆ ಜೋಯಿಸರಲ್ಲಿ ಪ್ರಶ್ನೆ ಇಡಿಸಿದರು, ನಾಗನಿಗೆ ಸೇವೆ ಮಾಡಿಸಿದರು. ನಾನು ಒಳಗೊಳಗೇ, ಒಂದನ್ನು ಕೊಡದಿದ್ದರೂ ದೇವರು ಇನ್ನೊಂದನ್ನು ಕೊಟ್ಟಿದ್ದಾನೆ ಎಂದು ಲೆಕ್ಕ ಹಾಕಿ ಸುಮ್ಮನಿದ್ದೆ. ಮೈಗೆ ಆಗದ ದಿನಗಳಲ್ಲಿ ಎಣಿಸಲಿಕ್ಕೆ ಇದ್ದ ದಯೆಗಳಲ್ಲಿ ಅದೇ ಮೊದಲನೆಯದು.

ಅವಳು ವಾದ ಮಾಡಲಿಲ್ಲ. ಬರೆದಳು. ನನ್ನ ಕೈಯಿಂದ ಪ್ರಸಾದ ಕಸಿದುಕೊಂಡ ಹಾಗೆ ಆಯಿತು.

ಮತ್ತೆ ಪಟ್ಟಿಯ ಮೇಲಿನಿಂದ ಒಂದೊಂದನ್ನೇ ಮುಟ್ಟಿ, ಯಾವಾಗಿನಿಂದ ಎಂದು ಕೇಳಿದಳು. ಚಳಿ? ಮಗಳು ದಿವ್ಯ ಹುಟ್ಟಿದ ಮೇಲೆ. ಕೂದಲು? ದಿವ್ಯ ಹುಟ್ಟಿದ ಮೇಲೆ. ಸುಸ್ತು? ಅದೂ. ಹೇಳುತ್ತ ಹೇಳುತ್ತ ನನಗೇ ಕೇಳಿಸತೊಡಗಿತು.

“ಹೆರಿಗೆ ಹೇಗಾಯ್ತು ಚೇಚಿ?”

ಇವರು ಪಕ್ಕದಲ್ಲೇ ಕೂತಿದ್ದರು. “ಸಾಧಾರಣ,” ಎಂದೆ.

ಎಲ್ಲ ಡಾಕ್ಟರೂ, ಮೊದಲು ಎಂತಾದರೂ ಕಾಯಿಲೆ ಇತ್ತಾ ಎಂದು ಕೇಳಿದ್ದರು. ಇಲ್ಲ ಎಂದಿದ್ದೆ. ಸುಳ್ಳಲ್ಲ. ಹೆರಿಗೆಯನ್ನು ಯಾರಾದರೂ ಕಾಯಿಲೆ ಅನ್ನುತ್ತಾರಾ? ಮತ್ತೆ, ಚೊಚ್ಚಲ ಹೆರಿಗೆ ತವರಿನದ್ದು. ಖರ್ಚೂ ತವರಿನದ್ದು, ಕಾಗದವೂ ತವರಿನದ್ದು. ನನ್ನ ಹೆರಿಗೆಯ ಕಾಗದಗಳು ಪೈವಳಿಕೆಯ ಅಮ್ಮನ ಮನೆಯಲ್ಲೇ ಉಳಿದು, ಅಟ್ಟದಲ್ಲಿ ಗೆದ್ದಲು ತಿಂದು ಹೋಗಿದ್ದವು. ಗಂಡನ ಮನೆಯ ಯಾವ ಬಣ್ಣದ ಚೀಲಕ್ಕೂ ಅವು ಬರಲೇ ಇಲ್ಲ.

“ಹಾಗಾದರೆ ಸರಿ,” ಎಂದು ಅವಳು ರಕ್ತದೊತ್ತಡ ನೋಡಲು ನನ್ನನ್ನು ನಿಲ್ಲಿಸಿದಳು. ನಿಂತವಳು ಬೆಂಚಿನ ಮೇಲೆಯೇ ಕುಸಿದೆ. ಅವಳು ಇವರನ್ನು, “ಸಕ್ಕರೆ ಹಾಕಿದ ಚಾಯ ತನ್ನಿ, ಉಪ್ಪಿನ ಬಿಸ್ಕತ್ತೂ ತನ್ನಿ” ಎಂದು ಅಂಗಡಿಗೆ ಓಡಿಸಿದಳು. ಬಾಗಿಲು ಮುಚ್ಚಿತು. ಅವಳು ನನ್ನ ಕೈ ಹಿಡಿದುಕೊಂಡೇ ಇದ್ದಳು, ಕೇಳಲಿಲ್ಲ.

ನಾನೇ ಹೇಳಿದೆ. ಹಾಸಿಗೆ ಒದ್ದೆಯಾಗಿ ಕೆಳಗೆ ಹರಿದದ್ದು. ಅಣ್ಣನ ಗೆಳೆಯರು ಬಂದು ರಕ್ತ ಕೊಟ್ಟದ್ದು. ಎರಡು ದಿನ ನನಗೆ ಲೋಕವೇ ಗೊತ್ತಿಲ್ಲದ್ದು. ಕಣ್ಣು ಬಿಟ್ಟಾಗ ಅಮ್ಮ ಹೇಳಿದ ಮೊದಲ ಮಾತು, “ಗಂಡನ ಮನೆಯಲ್ಲಿ ಹೇಳಬೇಡ ಮಗಾ. ಇನ್ನು ಹೆರಲಿಕ್ಕೆ ಆಗದವಳು ಅಂತ ಹೇಳಿಯಾರು.” ಇವರು ಆಗ ಗಲ್ಫಿನಲ್ಲಿದ್ದರು. ಅತ್ತೆ ಮಗುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆ ಬಂದಾಗ ನಾನು ಎದ್ದು ಕೂತಿದ್ದೆ.

“ಮಗುವಿಗೆ ಹಾಲು?”

“ಬರಲಿಲ್ಲ. ಒಂದು ಹನಿ ಬರಲಿಲ್ಲ.”

ನಾನು ಅತ್ತದ್ದು ಆಗ. ಇಷ್ಟು ವರ್ಷಗಳಲ್ಲಿ ಚಳಿಗೆ ಅಳಲಿಲ್ಲ, ಸುಸ್ತಿಗೆ ಅಳಲಿಲ್ಲ. ದಿವ್ಯ ಪೇಟೆಯ ಹಾಲಿನ ಹುಡಿಯಲ್ಲಿ ಬೆಳೆದಳು. ಅವಳಿಗೆ ಸಣ್ಣದೊಂದು ಜ್ವರ ಬಂದರೂ ಅತ್ತೆ, “ತಾಯಿಯ ಹಾಲು ಕುಡಿಯದ ಮಗು, ಮತ್ತೆ ಹೇಗೆ ಆಗ್ತದೆ” ಎನ್ನುತ್ತಿದ್ದರು. “ಮನಸ್ಸಿದ್ದರೆ ಹಾಲು ತನ್ನಿಂತಾನೇ ಬರ್ತದೆ” ಎಂದು ನೆರೆಮನೆಯವರ ಮುಂದೆಯೂ ಹೇಳಿದ್ದರು. ನನಗೆ ಮನಸ್ಸಿತ್ತು. ಅದನ್ನು ತೋರಿಸುವ ದಾರಿ ಇರಲಿಲ್ಲ.

ಆ ಹುಡುಗಿ ಹಾಲು ಬಾರದ್ದನ್ನೂ ಬರೆದಳು. ಕೊನೆಗೆ ಎಲ್ಲದಕ್ಕೂ ಪಕ್ಕದಿಂದ ಒಂದು ಉದ್ದನೆಯ ಆವರಣ ಎಳೆದಳು. ಆತಂಕ ಒಂದು ಮಾತ್ರ ಹೊರಗೆ ಉಳಿಯಿತು. “ಇದೆಲ್ಲ ಬೇರೆ ಬೇರೆ ಅಲ್ಲ ಅಂತ ಕಾಣ್ತದೆ ಚೇಚಿ. ಒಂದೇ ಇರಬಹುದು. ಆ ರಕ್ತ ಹೋದ ದಿನ ತಲೆಯೊಳಗಿನ ಒಂದು ಸಣ್ಣ ಗ್ರಂಥಿಗೆ ಪೆಟ್ಟು ಬಿದ್ದಿರಬಹುದು. ಹಾಲಿಗೂ ಮುಟ್ಟಿಗೂ ಉಪ್ಪಿಗೂ ಬೇಕಾದ ಹಾರ್ಮೋನು ಹೊರಡುವುದು ಅಲ್ಲಿಂದಲೇ. ನನ್ನದು ತಪ್ಪಿರಲೂಬಹುದು. ರಕ್ತ ನೋಡುವ.”

ಇವರು ಚಾಯದ ಗ್ಲಾಸು ಹಿಡಿದು ಬಂದಾಗ ನಾನು, “ನಿಮ್ಮ ಹತ್ರ ಒಂದು ವಿಷಯ ಹೇಳ್ಲಿಕ್ಕುಂಟು” ಎಂದೆ. ಜೀಪಿನಲ್ಲಿ ಹೇಳಿದೆ. ಇವರು ಮನೆಯ ಗೇಟಿನ ಹತ್ತಿರ ಜೀಪು ನಿಲ್ಲಿಸಿ, “ನನ್ನ ಹತ್ರ ಹೇಳಿದ್ರೆ ನಾನು ಎಂತ ಮಾಡ್ತಿದ್ದೆ ಹೇಳು? ಬಿಡ್ತಿದ್ದೆನಾ?” ಎಂದರು. ಸಿಟ್ಟಲ್ಲ ಅದು.

ಹಾಗೆ ಕೊಟ್ಟ ರಕ್ತದ ಉತ್ತರವೇ ಆ ಬೂತಾಯಿಯ ದಿನ ಬಂದ ಫೋನು. ನನ್ನ ಬೇನೆ ನನ್ನ ತಲೆಯಲ್ಲಿ ಹುಟ್ಟಿಸಿಕೊಂಡದ್ದಲ್ಲ ಎಂದು ಹೇಳಿದ ಮೊದಲ ಸಾಕ್ಷಿ. ಕೈ ತೊಳೆದು ಹೊರಟೆ. ಮೀನು ಬೆಕ್ಕಿನ ಪಾಲಾಯಿತು.

ಆಸ್ಪತ್ರೆಯಲ್ಲಿ ಇವರು ಚೀಲ ಕೊಡಲಿಲ್ಲ, ಆ ಒಂದು ಹಾಳೆಯನ್ನು ಕೊಟ್ಟರು. ಅಲ್ಲಿನ ಡಾಕ್ಟರು ನಿಂತಲ್ಲೇ ಓದಿ, ಯಾವ ಟೆನ್ಶನ್ನೂ ಕೇಳದೆ ಇಂಜೆಕ್ಷನ್ ಹಾಕಿಸಿದರು. ಮಾರನೆಯ ದಿನ ಬೆಳಿಗ್ಗೆ ನನಗೆ ಹಸಿವಾಯಿತು. ಹಸಿವು ಎನ್ನುವುದು ಹೇಗಿರುತ್ತದೆಂದೇ ಮರೆತಿದ್ದೆ. ಇಡ್ಲಿ ತಿಂದು, ಕಂಬಳಿ ಸರಿಸಿ, ನಾನಾಗಿಯೇ ಎದ್ದು ಕಿಟಕಿಯವರೆಗೆ ಹೋದೆ. ಇವರು ಹಿಡಿಯಲು ಓಡಿ ಬಂದು, ಹಿಡಿಯಲಿಕ್ಕೆ ಏನೂ ಇಲ್ಲದೆ ಸುಮ್ಮನೆ ಪಕ್ಕದಲ್ಲಿ ನಿಂತರು. ಕೆಲವು ದಿನಗಳ ಮೇಲೆ ತಲೆಯ ಸ್ಕ್ಯಾನ್ ಮಾಡಿ, ಆ ಹುಡುಗಿ ಊಹಿಸಿದ್ದು ಸರಿ ಎಂದರು.

ಆದರೆ ಪೂರ್ತಿ ಬಿಡುಗಡೆ ಎಂದು ಹೇಳಲಾರೆ. ಗುಳಿಗೆ ಸಾಯುವವರೆಗೆ. ಒಂದು ಹೊತ್ತು ತಪ್ಪಿಸಬಾರದು. ಜ್ವರ ಬಂದರೆ ಜಾಸ್ತಿ ತೆಗೆದುಕೊಳ್ಳಬೇಕು, ವಾಂತಿಯಾದರೆ ಕಾಯದೆ ಆಸ್ಪತ್ರೆಗೆ ಓಡಬೇಕು. ಬರಿ ಹೊಟ್ಟೆಯಲ್ಲಿ ಇರಬಾರದು. “ಸಂಕಷ್ಟಿಗೆ?” ಎಂದು ಕೇಳಿದೆ. “ಸಂಕಷ್ಟಿಗೂ,” ಎಂದರು. ಮಧೂರಿನ ಗಣಪತಿಯ ಮುಂದೆ ಮೊದಲ ಸಲ ತಿಂಡಿ ತಿಂದು ನಿಂತಾಗ ಕಣ್ಣೆತ್ತಿ ನೋಡಲು ನಾಚಿಕೆಯಾಯಿತು. ನನ್ನದೆಂದು ಇದ್ದ ವ್ರತವೂ ಹೋಯಿತು, ದಯೆ ಎಂದು ಎಣಿಸಿದ್ದೂ ಕಾಯಿಲೆಯಾಯಿತು. ಪ್ರದಕ್ಷಿಣೆಗೆ ಹೊರಟವಳು ಅರ್ಧದಲ್ಲಿ ಗಮನಿಸಿದೆ. ಯಾರ ಕೈಯನ್ನೂ ಹಿಡಿದಿರಲಿಲ್ಲ.

ಅತ್ತೆಗೆ ದಿವ್ಯಳೇ ಎಲ್ಲ ಬಿಡಿಸಿ ಹೇಳಿದಳು. ಅತ್ತೆ ಕೇಳಿ, “ಹಾಗಾ?” ಎಂದರು, ಅಷ್ಟೇ. ಮೂರನೆಯ ದಿನ ಬೆಳಿಗ್ಗೆ ನಾನು ಏಳುವ ಮೊದಲೇ ತಟ್ಟೆ ಹಾಕಿ ದೋಸೆ ಇಟ್ಟು, “ಮೊದಲು ನೀನು ತಿನ್ನು. ನಿನ್ನ ಗುಳಿಗೆಗೆ ಹೊತ್ತಾಯ್ತು” ಎಂದರು. ಆ ಮನೆಯಲ್ಲಿ ಸೊಸೆ ಮೊದಲು ತಿಂದದ್ದು ಅದೇ ಮೊದಲು. ಎದುರು ಕೂತು, ಬಟ್ಟಲಿಗೆ ಇನ್ನೊಂದು ಚಮಚ ಚಟ್ನಿ ಹಾಕಿದರು. “ಅಷ್ಟು ರಕ್ತ ಹೋದವಳಿಗೆ ನಾನು ಬಾಯಿಗೆ ಬಂದದ್ದೆಲ್ಲ ಹೇಳಿದೆ ಮಾರಾಯ್ತಿ,” ಎಂದರು. ನಾನು ದೋಸೆ ಮುರಿದೆ. ಆ ಚಟ್ನಿಯಲ್ಲಿ ಅದ್ದಿ ತಿಂದೆ.

ಈಗ ದಿವ್ಯ ಚೊಚ್ಚಲ ಹೆರಿಗೆಗೆ ನಮ್ಮಲ್ಲಿಗೆ ಬಂದಿದ್ದಾಳೆ. ಗಂಡು ಮಗು. ತೊಂದರೆಯೇನೂ ಆಗಲಿಲ್ಲ. ಹಾಲು ಬಂದಿದೆ ಎಂದು ನರ್ಸ್ ಹೇಳಿದಾಗ ನಾನು ವಾರ್ಡಿನಿಂದ ಹೊರಗೆ ಬಂದು ಕೈ ಮುಗಿದೆ. ಡಿಸ್ಚಾರ್ಜ್ ಕಾಗದವನ್ನು ನಾನೇ ಕೇಳಿ ತೆಗೆದುಕೊಂಡೆ. ಇವತ್ತು ಬೆಳಿಗ್ಗೆ ಅದನ್ನು ಅವಳ ಬಟ್ಟೆಯ ಬ್ಯಾಗಿನಲ್ಲಿ, ಮಗುವಿನ ಟೊಪ್ಪಿಯ ಅಡಿಯಲ್ಲಿ ಇಡುತ್ತಿದ್ದೆ.

“ಗಂಡನ ಮನೆಗೆ ಇದೆಲ್ಲ ಎಂತಕ್ಕಮ್ಮಾ? ಇಲ್ಲೇ ಇರಲಿ.”

“ಇಲ್ಲಿ ಬೇಡ. ನಿನ್ನೊಟ್ಟಿಗೇ ಇರಲಿ. ಕೇಳಿದವರಿಗೆ ತೋರಿಸು. ಕೇಳದಿದ್ದರೂ ತೋರಿಸು.”

ಅತ್ತೆ ಹಿತ್ತಲಿನಿಂದ ಕೂಗಿದರು, ಬಾಣಂತಿಯ ಸ್ನಾನಕ್ಕೆ ನೀರು ಕಾದಿಲ್ಲ, ಒಲೆಯಲ್ಲಿ ಬರೀ ಹೊಗೆ ಎಂದು. ದಿವ್ಯ ಮೈಗೆ ಎಣ್ಣೆ ಹಚ್ಚಿಕೊಂಡು ಬಚ್ಚಲಿಗೆ ಹೋಗಿ ಬಾಗಿಲು ಮುಚ್ಚಿಕೊಂಡಳು. ಹೊಸ ಚಿಲಕ ಬಿದ್ದ ಸದ್ದು ಕೇಳಿತು. ನಾನು ಹಂಡೆಯ ಒಲೆಯ ಮುಂದೆ ಕೂತು ಒಣಗಿದ ತೆಂಗಿನ ಗೆರಟೆ ಎರಡು ತುರುಕಿ ಊದಿದೆ.

“ದಿವ್ಯಾ, ಇದ್ದೀಯಾ?”

“ಇದ್ದೇನಮ್ಮಾ. ಈಗಷ್ಟೇ ಬಂದದ್ದಲ್ವಾ, ಎಲ್ಲಿಗೆ ಹೋಗ್ಲಿ?”

ಬೆಂಕಿ ಹತ್ತಿತು. ಇನ್ನೊಂದು ಗೆರಟೆ ಹಾಕಿದೆ.